ಬುಗುರಿ ಆಡಿದ ಎಂಟನೇ ನಡೆ

ಲಿಫ್ಟ್ ರಿಪೇರಿಯ ಬುಗುರಿ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಚೆಸ್ ಕ್ಲಬ್ಬಿನ ಕೋಣೆಯಲ್ಲಿ ತೀರಿಕೊಂಡ. ಹೃದಯಾಘಾತ. ವಯಸ್ಸು ಐವತ್ತೊಂಬತ್ತು. ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಬೇಗ ಬಂದಿದ್ದರೂ ಪ್ರಯೋಜನವಿರಲಿಲ್ಲ ಎಂದು ವೈದ್ಯರು ಹೇಳಿದರು.

ಸುದ್ದಿ ಕನ್ನಡಕದಂಗಡಿಗೆ ಫೋನಿನಲ್ಲಿ ಬಂತು. ಅಂಗಡಿಯವನು ಆಗ ಒಬ್ಬ ಮುದುಕಿಯ ಕನ್ನಡಕದ ಕಡ್ಡಿ ಬಗ್ಗಿಸಿ ಕಿವಿಯ ಹಿಂದೆ ಕೂರಿಸುತ್ತಿದ್ದ. ಫೋನ್ ಕೆಳಗಿಟ್ಟ. ಕಡ್ಡಿಯನ್ನು ಇನ್ನೊಂದು ಚೂರು ಬಗ್ಗಿಸಿ, "ಈಗ ಒತ್ತುತ್ತಾ ಅಮ್ಮ?" ಎಂದು ಕೇಳಿದ. ಆಕೆ ಇಲ್ಲವೆಂದ ಮೇಲೆ ಶಟರ್ ಎಳೆದ. ಇಪ್ಪತ್ತಾರು ವರ್ಷದ ಗೆಳೆಯ ಸತ್ತ ಸುದ್ದಿ ಕೇಳಿ ಅವನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. "ಇನ್ನು ಹೇಳಬೇಕಾಗಿಲ್ಲ" ಎಂಬ ಮಾತು. ಆಮೇಲೆ ಬೀಗ ಹಾಕಿ ಬುಗುರಿಯ ಮನೆಗೆ ಹೊರಟ.

ಬುಗುರಿ ಎಂಬುದು ಅವನ ತಾಯಿ ಇಟ್ಟ ಅಡ್ಡಹೆಸರು. ಹೊಟ್ಟೆಯಲ್ಲಿದ್ದಾಗಲೂ ಒಂದು ಕಡೆ ನಿಂತವನಲ್ಲ ಎನ್ನುತ್ತಿದ್ದಳಂತೆ. ತಂದೆ ಆರು ಮಹಡಿಯ ಕಟ್ಟಡವೊಂದರ ಕಾವಲುಗಾರ. ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ಸಂಸಾರ. ಗೋಡೆಯ ಆಚೆ ಬದಿಯೇ ಲಿಫ್ಟಿನ ಗುಂಡಿ. ಮಲಗಿದಲ್ಲಿಂದಲೇ ಲಿಫ್ಟು ಯಾವ ಮಹಡಿಗೆ ಹೋಗಿ ನಿಂತಿತು, ಯಾವ ಬಾಗಿಲು ತಡೆದು ಮುಚ್ಚಿತು ಎಂದು ಹುಡುಗ ಹೇಳುತ್ತಿದ್ದ. ಹದಿನೇಳಕ್ಕೆ ಮೆಕ್ಯಾನಿಕ್ಕಿನ ಕೈಕೆಳಗೆ ಸೇರಿದ. ಅಲ್ಲಿಂದ ಮುಂದೆ ನಲವತ್ತೆರಡು ವರ್ಷ ಅದೇ ಕೆಲಸ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು, ಟಾರ್ಚು ಹಿಡಿದು, ಕತ್ತಲೆಯ ಗುಂಡಿಯಲ್ಲಿ ಇಷ್ಟಿಷ್ಟೇ ಮೇಲೇರುತ್ತ ಕಂಬಿಗಳಿಗೆ ಎಣ್ಣೆ ಹಚ್ಚುವುದು. ಉಕ್ಕಿನ ಹಗ್ಗವನ್ನು ಚಿಂದಿ ಬಟ್ಟೆಯಲ್ಲಿ ಹಿಡಿದು, ಅದರ ಮೇಲೆ ಹೆಬ್ಬೆರಳು ಸವರಿ, ಒಳಗೆಲ್ಲಾದರೂ ಒಂದೆಳೆ ಕಡಿದಿದೆಯೇ ಎಂದು ನೋಡುವುದು. "ಕಣ್ಣು ಸುಳ್ಳು ಹೇಳುತ್ತೆ, ಹೆಬ್ಬೆರಳು ಹೇಳಲ್ಲ" ಎನ್ನುತ್ತಿದ್ದ. ಕನ್ನಡಕ ಮಾರುವವನ ಮುಂದೆಯೇ ಆ ಮಾತು!

ಅವರ ಪರಿಚಯವಾದದ್ದೂ ಕಣ್ಣಿನ ದೆಸೆಯಿಂದಲೇ. ಮೂವತ್ಮೂರಕ್ಕೆ ದೂರದ ಅಕ್ಷರ ಮಸುಕಾಗಿ ಬುಗುರಿ ಅಂಗಡಿಗೆ ಬಂದ. ಪರೀಕ್ಷೆಯ ಯಂತ್ರಕ್ಕೆ ಗದ್ದ ಆನಿಸಿ ಅರ್ಧ ನಿಮಿಷ ಕೂರಬೇಕು. ಅವನಿಂದ ಆಗಲಿಲ್ಲ. ನಾಲ್ಕು ಸಲ ಕೂರಿಸಿದರೆ ಐದು ಸಲ ಎದ್ದ.

"ಅಲುಗಾಡಬೇಡ್ರೀ."

"ನಾನೆಲ್ಲಿ ಅಲುಗಾಡ್ದೆ? ನಿಮ್ಮ ಮಿಷಿನ್ನೇ ಅಲುಗಾಡುತ್ತೆ. ಕೆಳಗಿನ ನಟ್ಟು ಸಡಿಲ ಆಗಿದೆ, ನೋಡಿ."

ನೋಡಿದರೆ ನಟ್ಟು ನಿಜವಾಗಿಯೂ ಸಡಿಲವಾಗಿತ್ತು. ಬುಗುರಿ ತನ್ನ ಚೀಲದಿಂದ ಸ್ಪ್ಯಾನರ್ ತೆಗೆದು ಬಿಗಿದುಕೊಟ್ಟ. ಆದರೂ ಕೂರಲಿಲ್ಲ. ಕೊನೆಗೆ ಅಂದಾಜಿನ ಮೇಲೆ ನಂಬರು ಬರೆದು ಕನ್ನಡಕ ಕೊಟ್ಟದ್ದಾಯಿತು. ಇಪ್ಪತ್ತಾರು ವರ್ಷ ಬುಗುರಿ ಹಾಕಿಕೊಂಡದ್ದೆಲ್ಲ ಅಂದಾಜಿನ ಕನ್ನಡಕಗಳೇ. ಆ ದಿನ ಗಲ್ಲಾದ ಪಕ್ಕದಲ್ಲಿ ಅರ್ಧ ಆಡಿಟ್ಟ ಚೆಸ್ ಪಟ ಕಂಡು, ನಿಂತಲ್ಲೇ ಕೈ ಹಾಕಿ ಆನೆಯನ್ನು ಎರಡು ಮನೆ ಸರಿಸಿ, "ಹೀಗೆ ಆಡಿದ್ರೆ ಮುಗೀತಲ್ಲ?" ಎಂದ. ಮುಗಿದಿರಲಿಲ್ಲ. ಆದರೆ ಅಂಗಡಿಯವನಿಗೆ ಉತ್ತರ ಹುಡುಕಲು ಸಂಜೆಯವರೆಗೆ ಹಿಡಿಯಿತು.

ಅಲ್ಲಿಂದ ಶುರು. ಸಂಜೆ ಕೆಲಸ ಮುಗಿಸಿ ಬುಗುರಿ ಅಂಗಡಿಗೆ ಬರುವುದು, ನಿಂತೇ ಆಡುವುದು. ಒಂದು ನಡೆ ಆಡಿ ಬೀದಿಗೆ ಹೋಗುವುದು, ಎದುರಿನ ಸೈಕಲ್ ಅಂಗಡಿಯವನ ಜೊತೆ ನಾಲ್ಕು ಮಾತಾಡಿ ಬರುವುದು, ಮತ್ತೊಂದು ನಡೆ. ಅವನ ಮನೆಯ ಗೋಡೆಯ ಮೇಲೆ ಒಂದೇ ಒಂದು ಕುಟುಂಬದ ಫೋಟೊ ಇದೆ. ಹೆಂಡತಿ, ಮಗಳು ಸ್ಪಷ್ಟವಾಗಿದ್ದಾರೆ. ನಡುವೆ ಅಂಗಿ ತೊಟ್ಟ ಒಂದು ಮಂಜು. "ನಮ್ಮನೆಯವರು ಯಾರು ಅಂತ ಯಾರಾದ್ರೂ ಕೇಳಿದ್ರೆ ಆ ಮೋಡ ತೋರಿಸ್ತೀನಿ" ಎನ್ನುತ್ತಿದ್ದಳು ಹೆಂಡತಿ. ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಳೆಗಳಿಗೆ ಇಸ್ತ್ರಿ ಹಾಕುವವಳು. ಮಾತೂ ಇಸ್ತ್ರಿ ಹಾಕಿದಂತೆಯೇ, ಬಿಸಿ, ನೇರ.

ಆಟದಲ್ಲೂ ಬುಗುರಿ ಹಾಗೆಯೇ. ಎದುರಾಳಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದರೆ ಇವನೂ ತಳ್ಳುವನು. ಎದುರಿನವನು ಕುದುರೆ ತಂದ ಕೂಡಲೇ ಇವನು ಎರಡನೇ ನಡೆಯಲ್ಲೇ ಇನ್ನೊಂದು ಕಾಲಾಳನ್ನು ಬಾಯಿಗೆ ಕೊಟ್ಟು ಬೆಂಕಿ ಹಚ್ಚುವನು. ಅದಕ್ಕೆ ಲಾಟ್ವಿಯನ್ ಗ್ಯಾಂಬಿಟ್ ಎಂದು ಹೆಸರಿದೆ. ಬಲ್ಲವರು ಅದನ್ನು ಟೂರ್ನಮೆಂಟಿನಲ್ಲಿ ಮುಟ್ಟುವುದಿಲ್ಲ. ಬುಗುರಿ ಇಪ್ಪತ್ತು ವರ್ಷ ಅದನ್ನೇ ಆಡಿದ. ಗೆದ್ದರೆ ಹದಿನೈದು ನಡೆಯೊಳಗೆ ಗೆಲ್ಲುವನು, ಸೋತರೆ ಹನ್ನೆರಡರೊಳಗೆ. "ಹೋಗಲಿ ಬಿಡು, ಬೇಗ ಮನೆಗೆ ಹೋಗಬಹುದು" ಎಂದು ನಗುವನು.

ಕ್ಲಬ್ಬಿನಿಂದ ಪ್ರತಿ ವರ್ಷ ನಾಲ್ವರ ತಂಡ ಬೇರೆ ಊರಿಗೆ ಪಂದ್ಯಗಳಿಗೆ ಹೋಗುತ್ತದೆ. ಒಂದು ರಾತ್ರಿಯ ರೈಲು, ಐದು ದಿನದ ಆಟ. ಕನ್ನಡಕದವನು ಹನ್ನೊಂದು ಸಲ ಹೋಗಿ ಬಂದವನು. ಬುಗುರಿ ಒಮ್ಮೆಯೂ ಆಯ್ಕೆಯಾಗಿರಲಿಲ್ಲ. ಪ್ರತಿ ಸಲ ಗೆಳೆಯ ವಾಪಸು ಬಂದಾಗ ಒಂದೇ ಪ್ರಶ್ನೆ ಕೇಳುವನು.

"ಮೇಜಿನ ಮೇಲೆ ಹೆಸರಿನ ಫಲಕ ಇಟ್ಟಿದ್ರಾ?"

"ಇಟ್ಟಿದ್ರು. ಅದನ್ನೇ ಎಷ್ಟು ವರ್ಷ ಕೇಳ್ತೀಯೋ?"

"ಅಚ್ಚು ಹಾಕಿದ್ದಾ, ಕೈಯಲ್ಲಿ ಬರೆದಿದ್ದಾ?"

"ಅಚ್ಚು."

"ಲಿಫ್ಟಿನಲ್ಲಿ ಕಂಪನಿ ಹೆಸರಿರುತ್ತೆ. ಎಷ್ಟು ಜನ ಹತ್ತಬಹುದು ಅಂತ ಇರುತ್ತೆ. ರಿಪೇರಿ ಮಾಡಿದವನ ಹೆಸರು ಎಲ್ಲಾದ್ರೂ ನೋಡಿದೀಯಾ?"

ತಮಾಷೆಗೆ ಹೇಳಿದಂತೆಯೇ ಹೇಳುವನು. ಆದರೆ ಕಳೆದ ವರ್ಷ ಹೇಳಿದಾಗ ಅವನು ಬೀದಿ ಕಡೆಗೆ ತಿರುಗಿ ನಿಂತಿದ್ದ. ಕನ್ನಡಕದವನಿಗೆ ಅದು ನಾಟಿತು. "ಮುಂದಿನ ಸಲ ನಿನ್ನನ್ನ ಕರ್ಕೊಂಡೇ ಹೋಗ್ತೀನಿ. ಆದರೆ ನಾನು ಹೇಳಿಕೊಟ್ಟ ಹಾಗೆ ಆಡಬೇಕು. ಆ ಬೆಂಕಿಪೊಟ್ಟಣ ಕೆಳಗಿಡು" ಎಂದ.

ಹೇಳಿಕೊಟ್ಟದ್ದು ಪೆಟ್ರಾಫ್ ಡಿಫೆನ್ಸ್. ಚೆಸ್ಸಿನಲ್ಲಿ ಅದಕ್ಕಿಂತ ತಣ್ಣಗಿನ ಓಪನಿಂಗ್ ಕಡಿಮೆ. ಎದುರಿನವನ ಕುದುರೆ ನಿನ್ನ ಕಾಲಾಳಿನ ಮೇಲೆ ಕಣ್ಣಿಟ್ಟರೆ ನೀನು ನಿನ್ನದನ್ನು ಕಾಯಬೇಡ. ನಿನ್ನ ಕುದುರೆಯನ್ನೂ ತಂದು ಅವನ ಕಾಲಾಳಿನ ಮೇಲೆ ಕಣ್ಣಿಡು. ಅವನು ನಿನ್ನದನ್ನು ಹೊಡೆಯುತ್ತಾನೆ. ಇಲ್ಲೇ ಇರುವುದು ಗುಟ್ಟು. ಆಗ ನಿನಗೂ ಕೂಡಲೇ ಅವನದನ್ನು ಹೊಡೆಯಬೇಕೆಂದು ಕೈ ತುರಿಸುತ್ತದೆ. ಹೊಡೆದರೆ ಕೆಟ್ಟೆ: ಅವನ ಮಂತ್ರಿ ಹೊರಗೆ ಬರುತ್ತಾನೆ, ಗಾಬರಿಯಲ್ಲಿ ನೀನು ಕುದುರೆ ಹಿಂದೆಳೆದರೆ ಮರುನಡೆಗೆ ನಿನ್ನ ಮಂತ್ರಿಯೇ ಹೋಗುತ್ತಾನೆ. ಮೊದಲು ಇನ್ನೊಂದು ಕಾಲಾಳನ್ನು ಒಂದೇ ಮನೆ ಮುಂದಿಟ್ಟು ಅವನ ಕುದುರೆಯನ್ನು ಅಟ್ಟಬೇಕು. ಅದು ಹಿಂದೆ ಹೋದ ಮೇಲೆ ಹೊಡೆಯಬೇಕು. ಒಂದು ನಡೆ ತಡೆದುಕೊಂಡರೆ ಸಾಕು, ಆಟ ಸಮ. "ಮೊದಲು ಓಡಿಸು, ಆಮೇಲೆ ತಿನ್ನು" ಎಂದು ಕನ್ನಡಕದವನು ಸೂತ್ರ ಕಟ್ಟಿಕೊಟ್ಟ.

"ಇದೇನು ಆಟನೋ, ಆಸ್ಪತ್ರೆ ಊಟನೋ?" ಎಂದ ಬುಗುರಿ. ಆದರೂ ಕಲಿತ. ಹತ್ತು ತಿಂಗಳು, ವಾರಕ್ಕೆ ಮೂರು ಸಂಜೆ, ಹತ್ತು ನಡೆಗಳವರೆಗೆ ಕಣ್ಣು ಮುಚ್ಚಿ ಆಡುವಷ್ಟು. ಎಂಟನೇ ನಡೆಗೆ ಬಂದಾಗ, ಎದುರಿನವನು ಆನೆಯನ್ನು ರಾಜನ ಸಾಲಿಗೆ ತಂದರೆ, ಇವನು ಒಂಟೆಯನ್ನು ದೂರದವರೆಗೆ ಓಡಿಸಿ ಅವನ ಕುದುರೆಯನ್ನು ಕಟ್ಟಿಹಾಕಬೇಕು. ಬುಗುರಿಗೆ ಆ ಓಪನಿಂಗಿನಲ್ಲಿ ಇಷ್ಟವಾದದ್ದು ಅದೊಂದೇ ನಡೆ. "ಅಬ್ಬ, ಕೊನೆಗೂ ಒಬ್ಬ ಕಾಲು ಚಾಚಿದ!" ಎನ್ನುವನು.

ಭಾನುವಾರ ತಂಡದ ಆಯ್ಕೆಯ ಕೊನೆಯ ಸುತ್ತು. ಲೆಕ್ಕ ಸುಲಭವಿತ್ತು: ಬುಗುರಿ ಡ್ರಾ ಮಾಡಿಕೊಂಡರೆ ತಂಡದಲ್ಲಿ, ಸೋತರೆ ಅವನ ಜಾಗ ಸೋಲಿಸಿದವನಿಗೆ. ಕನ್ನಡಕದವನು ಗೆಲ್ಲಲೇಬೇಕು, ಡ್ರಾ ಸಾಲದು. ಬುಗುರಿ ಆಗಲೇ ಐದು ದಿನದ ರಜೆ ಬರೆದುಕೊಟ್ಟಿದ್ದ. ಹೆಂಡತಿ ಹಳೆಯ ಸೂಟ್‌ಕೇಸಿನ ಹರಿದ ಮೂಲೆ ಹೊಲಿದಿಟ್ಟಿದ್ದಳು. ಇಬ್ಬರೂ ಕಪ್ಪು ಕಾಯಿಗಳಲ್ಲಿ, ಪಕ್ಕಪಕ್ಕದ ಮೇಜು. ಕನ್ನಡಕದವನಿಗೆ ನಾಲ್ಕನೇ ಮೇಜು, ಎದುರಿಗೆ ಗಣಿತ ಓದುವ ಕಾಲೇಜು ಹುಡುಗಿ. ಬುಗುರಿಗೆ ಐದನೆಯದು, ಎದುರಿಗೆ ಔಷಧಿ ಅಂಗಡಿಯವನು.

ಆಟ ಶುರುವಾಗುವ ಮುಂಚೆ ವರಾಂಡದಲ್ಲಿ ಕನ್ನಡಕದವನು ಗೆಳೆಯನ ಎರಡೂ ಭುಜ ಹಿಡಿದು ಹೇಳಿದ: "ನೀನು ಹಾಲಿನಲ್ಲಿ ಸುತ್ತಿದಷ್ಟೂ ಬೇರೆಯವರ ಆಟ ನೋಡಿ ನಿನ್ನ ತಲೆ ಕೆಡುತ್ತೆ. ಇವತ್ತು ಒಂದು ನಡೆ ಆಡಿದ ಮೇಲೆ ಹೊರಗೆ ಬಂದು ಈ ಬೆಂಚಿನ ಮೇಲೆ ಕೂತ್ಕೊ. ಮುನ್ನೂರು ಎಣಿಸು. ಆಮೇಲೆ ಹೋಗು."

"ಕೂರಲೇಬೇಕಾ? ನಿಂತು ಎಣಿಸಿದ್ರೆ ಆಗಲ್ವಾ?"

"ಕೂರಬೇಕು. ಎಂಟನೇ ನಡೆ ಆದ ಮೇಲೆ ಮುನ್ನೂರು ಸಾಲದು. ಅಲ್ಲಿ ಅವನು ತುಂಬಾ ಹೊತ್ತು ಯೋಚನೆ ಮಾಡ್ತಾನೆ. ಆಗ ಎರಡು ಸಾವಿರ ಎಣಿಸು."

ಎರಡು ಸಾವಿರ. ಆ ಸಂಖ್ಯೆ ಅವನ ಬಾಯಿಗೆ ಎಲ್ಲಿಂದ ಬಂತೋ.

ಒಬ್ಬೊಬ್ಬರಿಗೆ ತೊಂಬತ್ತು ನಿಮಿಷ; ಆಡಿ ಗಡಿಯಾರ ಒತ್ತಿದರೆ ತನ್ನದು ನಿಂತು ಎದುರಿನವನದು ಓಡುತ್ತದೆ, ಸಮಯ ಮುಗಿದವನಿಗೆ ಸೋಲು. ಹುಡುಗಿಯೂ ಔಷಧಿಯವನೂ ಒಂದೇ ಬಗೆಯಲ್ಲಿ ಆಡಿದರು, ಆದ್ದರಿಂದ ಎರಡೂ ಪಟ ಅವಳಿಜವಳಿ. ಮೂರನೇ ನಡೆಯಲ್ಲಿ ಕನ್ನಡಕದವನು ತನ್ನ ಆಟ ಬಿಟ್ಟು ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದ. ಬುಗುರಿಯ ಕೈ ಕುದುರೆಯ ಮೇಲೆ ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಮೆಲ್ಲಗೆ ಕಾಲಾಳಿನ ಮೇಲೆ ಇಳಿಯಿತು. ಮೊದಲು ಓಡಿಸಿದ. ಆಮೇಲೆ ತಿಂದ. ಕನ್ನಡಕದವನು ಉಸಿರು ಬಿಟ್ಟ.

ಬುಗುರಿಗೊಂದು ಅಭ್ಯಾಸವಿತ್ತು. ಎಲ್ಲರೂ ನಡೆಗಳನ್ನು ಮೇಜಿನ ಮೇಲಿನ ಹಾಳೆಯಲ್ಲಿ ಬರೆದರೆ ಇವನು ಲಿಫ್ಟಿನ ಕೆಲಸದ ಸಣ್ಣ ಪ್ಯಾಡಿನಲ್ಲಿ ಬರೆಯುವನು. ಒಂದು ಯಂತ್ರ ನೋಡಿದರೆ ನಿಂತಲ್ಲೇ ಪ್ಯಾಡಿನಲ್ಲಿ ಬರೆದು ಮುಂದಿನದಕ್ಕೆ ಹೋಗುವುದು ಅವನ ನಲವತ್ತು ವರ್ಷದ ರೂಢಿ; ಪ್ಯಾಡು ಕೈಬಿಟ್ಟರೆ ಕೈ ಬಿದ್ದುಹೋದಂತೆ. ತೀರ್ಪುಗಾರರಾದ ಡ್ರಾಯಿಂಗ್ ಮೇಷ್ಟ್ರು ವರ್ಷಗಟ್ಟಲೆ ಗೊಣಗಿ, "ಆಟ ಮುಗಿದ ಮೇಲಾದ್ರೂ ಹಾಳೆಗೆ ಇಳಿಸಪ್ಪ" ಎಂದು ಬಿಟ್ಟಿದ್ದರು. ಹೀಗಾಗಿ ಅವನ ಮೇಜಿನ ಮೇಲೆ ಅವನದೆಂದು ಹೇಳುವ ಒಂದು ಗುರುತೂ ಇರುತ್ತಿರಲಿಲ್ಲ. ಕುರ್ಚಿಯ ಬೆನ್ನಿಗೆ ಕೋಟಿಲ್ಲ, ಹಾಳೆಯಿಲ್ಲ, ಪೆನ್ನಿಲ್ಲ. ಬರುವನು, ನಿಂತೇ ಬಗ್ಗಿ ಆಡುವನು, ಗಡಿಯಾರ ಒತ್ತುವನು, ಬರೆದುಕೊಂಡು ಹೋಗುವನು.

ಏಳನೇ ನಡೆ ಆಡಿ ಕನ್ನಡಕದವನು ಮುಖ ತೊಳೆಯಲು ಹೋದ. ಹೋದದ್ದು ಆರೋ ಏಳೋ ನಿಮಿಷ. ವಾಪಸು ಬಂದಾಗ ಹುಡುಗಿಯ ಕುರ್ಚಿ ಖಾಲಿ. ನೀರು ಕುಡಿಯಲು ಹೋಗಿರಬೇಕು. ಔಷಧಿಯವನ ಕುರ್ಚಿಯೂ ಖಾಲಿ. ಕನ್ನಡಕದವನು ತನ್ನ ಪಟ ನೋಡಿದ. ಹುಡುಗಿ ಆನೆ ತಂದಿದ್ದಳು. ಅದಕ್ಕೆ ಉತ್ತರವಾಗಿ ಅವನದೇ ಒಂಟೆ ದೂರಕ್ಕೆ ಹೋಗಿ ಕಾಲು ಚಾಚಿ ನಿಂತಿತ್ತು. ಅವನ ಗಡಿಯಾರ ನಿಂತಿತ್ತು, ಹುಡುಗಿಯದು ಓಡುತ್ತಿತ್ತು.

ಅವನು ಆ ನಡೆ ಆಡಿರಲಿಲ್ಲ.

ಪಕ್ಕಕ್ಕೆ ನೋಡಿದ. ಐದನೇ ಮೇಜಿನಲ್ಲೂ ಬಿಳಿಯ ಆನೆ ಬಂದಿತ್ತು. ಕಪ್ಪು ಒಂಟೆ ಮನೆಯಲ್ಲೇ ಕೂತಿತ್ತು. ಬುಗುರಿಯ ಗಡಿಯಾರ ಓಡುತ್ತಿತ್ತು. ಬಾಗಿಲ ಗಾಜಿನಾಚೆ, ವರಾಂಡದ ಬೆಂಚಿನ ಮೇಲೆ, ಬುಗುರಿಯ ಬೆನ್ನು. ಕೈಗಳು ಮೊಣಕಾಲ ಮೇಲೆ. ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ಹಾಗೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ತನ್ನ ಪಟದಲ್ಲೇ ಆಡಿ ಬಂದೆನೆಂದು ನಂಬಿ ಎರಡು ಸಾವಿರ ಎಣಿಸುತ್ತಿದ್ದ.

ಆಡುತ್ತಿರುವವನಿಗೆ ಅವನ ಆಟದ ಬಗ್ಗೆ ಯಾರೂ ಏನೂ ಹೇಳುವಂತಿಲ್ಲ, ಅದು ನಿಯಮ. ಆದರೆ ಕೈಯೆತ್ತಿ ಮೇಷ್ಟ್ರನ್ನು ಕರೆದು, "ಇದು ನಾನು ಆಡಿದ್ದಲ್ಲ" ಎಂದಿದ್ದರೆ ಸಾಕಿತ್ತು. ತನ್ನ ಪಟದ ಬಗ್ಗೆ ತಾನು ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಕನ್ನಡಕದವನು ಕೂತ. ಈಗ ಬಂದೇ ಬರುತ್ತಾನೆ, ಎರಡು ನಿಮಿಷಕ್ಕಿಂತ ಹೆಚ್ಚು ಕೂರುವ ಪ್ರಾಣಿಯಲ್ಲ ಅದು, ಎಂದುಕೊಂಡ. ಮೇಷ್ಟ್ರನ್ನು ಕರೆದರೆ ಬುಗುರಿಗೇ ದಂಡ ಹಾಕಿದರೆ, ಎಂದುಕೊಂಡ. ಹೇಗೂ ತಾನೂ ಅದೇ ನಡೆ ಆಡುವವನಿದ್ದೆನಲ್ಲ, ಎಂದೂ ಅಂದುಕೊಂಡ. ಇವೆಲ್ಲದರ ಅಡಿಯಲ್ಲಿ ಇನ್ನೊಂದಿತ್ತು: ತಾನು ಗೆಲ್ಲಲೇಬೇಕು, ಈಗ ಗಲಾಟೆಯೆದ್ದರೆ ಆಟ ಕೆಡುತ್ತದೆ. ಅದನ್ನು ಮಾತ್ರ ಆಗ ಅಂದುಕೊಳ್ಳಲಿಲ್ಲ.

ಹುಡುಗಿ ಬಾಯಿ ಒರೆಸಿಕೊಳ್ಳುತ್ತ ಬಂದು ಕೂತಳು. ಪಟ ನೋಡಿದಳು. ಅವಳು ಕೈ ಚಾಚಿ ಕಾಲಾಳನ್ನು ಹಿಡಿಯುವವರೆಗೂ ಸಮಯವಿತ್ತು. ಹಿಡಿದಳು, ಇಟ್ಟಳು, ಗಡಿಯಾರ ಒತ್ತಿದಳು. ಕನ್ನಡಕದವನು ಪೆನ್ನು ತೆಗೆದು ತನ್ನ ಹಾಳೆಯಲ್ಲಿ ಎಂಟನೇ ನಡೆಯನ್ನು ತನ್ನದೆಂದು ಬರೆದ.

ಔಷಧಿಯವನು ಬಂದು, ಎದುರಾಳಿ ಇಲ್ಲದ್ದನ್ನೂ ಗಡಿಯಾರವನ್ನೂ ನೋಡಿ ಕೈಕಟ್ಟಿ ಕೂತ. ಬುಗುರಿ ಒಳಗೆ ಬಂದದ್ದು ಮೂವತ್ತೆಂಟು ನಿಮಿಷದ ಮೇಲೆ. ಮೇಜಿನ ಮುಂದೆ ನಿಂತು ಪ್ಯಾಡು ನೋಡಿದ, ಪಟ ನೋಡಿದ, ಪ್ಯಾಡು ನೋಡಿದ. ಹಣೆ ಬಡಿದುಕೊಂಡ. ಬರೆದು ಆಡಲು ಮರೆತೆ ಎಂದು ತಿಳಿದನೆಂಬುದು ಅವನ ಮುಖದಲ್ಲೇ ಕಂಡಿತು. ಒಂಟೆಯನ್ನು ಎತ್ತಿ ಇಟ್ಟ. ಮುಂದೆ ಎಲ್ಲೂ ತಪ್ಪಲಿಲ್ಲ. ನಲವತ್ತು ನಡೆಯ ಹೊತ್ತಿಗೆ ಇಬ್ಬರಲ್ಲೂ ಒಂದೊಂದು ಆನೆ, ನಾಲ್ಕು ನಾಲ್ಕು ಕಾಲಾಳು. ಮಕ್ಕಳು ಆಡಿದರೂ ಡ್ರಾ. ಆದರೆ ಬುಗುರಿಯ ಗಡಿಯಾರದಲ್ಲಿ ಸೊನ್ನೆ ಬಂತು. ಮೂರು ನಿಮಿಷ ಹೆಚ್ಚಿದ್ದರೆ ಸಾಕಿತ್ತು.

ಕನ್ನಡಕದವನು ಗೆದ್ದ. ಬುಗುರಿ ಬಂದು ಅವನ ಬೆನ್ನಿಗೆ ಗುದ್ದಿದ. "ಹನ್ನೆರಡನೇ ಸಲ! ಹೋಗಿ ಬಾ. ನನ್ನನ್ನ ಕೂರಿಸಿದೆಯಲ್ಲೋ, ನೋಡು ಏನಾಯ್ತು. ಕೂತ ಕಾಲಿಗೆ ಜೋಮು ಹಿಡಿಯುತ್ತೆ ಅಂತಾರೆ, ನನಗೆ ತಲೆಗೇ ಹಿಡೀತು" ಎಂದು ನಕ್ಕ. ಕನ್ನಡಕದವನ ಬಾಯಿಗೆ ಮಾತು ಬಂತು, ತುಟಿಯವರೆಗೂ ಬಂತು. ನಾಳೆ ಹೇಳಿದರಾಯಿತು ಎಂದುಕೊಂಡ.

ನಾಳೆ, ಅಂದರೆ ಸೋಮವಾರ ಮಧ್ಯಾಹ್ನ, ಬುಗುರಿಯೇ ಅಂಗಡಿಗೆ ಬಂದ. ಕನ್ನಡಕದವನು ಗಾಜಿನ ಅಂಚು ಉಜ್ಜುವ ಕಲ್ಲಿನ ಮುಂದೆ ಕೂತಿದ್ದ. ಬುಗುರಿ ಗಲ್ಲಾದ ಮೇಲೆ ಎರಡೂ ಕೈಯೂರಿ ನಿಂತ.

"ನಾನು ಆಡಿದ್ದೆ ಕಣೋ."

"ಏನು?"

"ಎಂಟನೇ ನಡೆ. ಮರೆತಿರಲಿಲ್ಲ. ಆಡಿದ್ದೆ. ಹೆಬ್ಬೆರಳಿಗೆ ನೆನಪಿದೆ."

"ನಿನ್ನ ಹೆಬ್ಬೆರಳಿಗೆ ನಾನು ಕೊಟ್ಟ ಕೊಡೆ ಎಲ್ಲಿದೆ ಅಂತ ನೆನಪಿದೆಯಾ, ಕೇಳು."

"ತಮಾಷೆ ಬೇಡ. ಕಾಯಿಗಳ ಬುಡಕ್ಕೆ ದುಂಡಗೆ ಹಸಿರು ಬಟ್ಟೆ ಅಂಟಿಸಿರ್ತಾರಲ್ಲ? ಆ ಒಂಟೆಗೆ ಇರಲಿಲ್ಲ. ಸರಿಸಿದಾಗ ಮರದ ಮೇಲೆ ಮರ ಕರ್ ಅಂತು, ಬೆರಳಿಗೆ ಗೊತ್ತಾಯ್ತು. ಹೊರಗೆ ಹೋಗಿ ಬಂದು ಆಡಿದೆನಲ್ಲ, ಆ ಒಂಟೆಗೆ ಬಟ್ಟೆ ಇತ್ತು. ಒಂದೇ ಒಂಟೆ ಒಂದ್ಸಲ ಬರಿಗಾಲಲ್ಲಿ, ಇನ್ನೊಂದ್ಸಲ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಾ?"

ಕಲ್ಲು ತಿರುಗುತ್ತಲೇ ಇತ್ತು.

"ನಿನ್ನ ಬೋರ್ಡಿನಲ್ಲಿ ಒಂಟೆ ಹೇಗಿತ್ತು?" ಎಂದ ಬುಗುರಿ.

ಕನ್ನಡಕದವನಿಗೆ ಗೊತ್ತಿತ್ತು. ಹದಿನಾಲ್ಕನೇ ನಡೆಯಲ್ಲಿ ಆ ಒಂಟೆಯನ್ನು ಹಿಂದೆ ಎಳೆದಾಗ ಪಟದ ಮೇಲೆ ಗೀಚಿದ ಸದ್ದು ಅವನ ಹಲ್ಲಿಗೆ ನಾಟಿತ್ತು. ಕಣ್ಣೆತ್ತದೆ, "ನಾನು ಗಮನಿಸಲಿಲ್ಲ" ಎಂದ.

"ಗಮನಿಸಲಿಲ್ವಾ?" ಎಂದ ಬುಗುರಿ. "ಕೂದಲೆಳೆಯಷ್ಟು ಗೀರು ಕಂಡ್ರೆ ಗಾಜು ವಾಪಸ್ ಕಳಿಸೋನು ನೀನು."

ಕಲ್ಲಿಗೆ ತಗುಲಿ ಗಾಜಿನ ಮೂಲೆ ಚಿಟ್ಟೆಂದು ಹಾರಿತು. ಇಬ್ಬರೂ ಅದನ್ನು ನೋಡಿದರು.

"ಸರಿ, ಬರ್ತೀನಿ. ಹಿಂದಿನ ಬೀದಿಯಲ್ಲಿ ಲಿಫ್ಟು ನಿಂತಿದೆಯಂತೆ, ಒಬ್ಬ ಒಳಗೇ ಇದಾನೆ" ಎಂದು ಬುಗುರಿ ಹೊರಟುಹೋದ.

ಆ ದಿನ ಉಳಿದ ಹೊತ್ತೆಲ್ಲ ಕನ್ನಡಕದವನು ಕೂರಲಾರದೆ ಎದ್ದ, ಎದ್ದವನು ನಿಲ್ಲಲಾರದೆ ಕೂತ. ಮೂರು ಸಲ ಶಟರ್ ಅರ್ಧ ಎಳೆದು ಬುಗುರಿಯ ಮನೆಗೆ ಹೊರಟ. ಮೂರು ಸಲವೂ ಬೀದಿಯ ತಿರುವಿನಿಂದ ವಾಪಸು ಬಂದ. ನಾಳೆ ಸಂಜೆ, ಖಂಡಿತ, ಎಂದುಕೊಂಡ.

ಮಂಗಳವಾರ ಬುಗುರಿಯ ಮನೆ ತುಂಬ ಜನ. ಎಷ್ಟೋ ಕಟ್ಟಡಗಳ ಕಾವಲುಗಾರರು ಬಂದಿದ್ದರು. ಅವರಲ್ಲಿ ಹಲವರಿಗೆ ಅವನ ನಿಜವಾದ ಹೆಸರು ಗೊತ್ತಿರಲಿಲ್ಲ. ಹೆಂಡತಿ ಕನ್ನಡಕದವನನ್ನು ಬಾಗಿಲ ಬಳಿಗೆ ಕರೆದಳು.

"ಆಟ ಮುಗಿದಿತ್ತಲ್ಲ, ಬೆಳಿಗ್ಗೆ ಕ್ಲಬ್ಬಿಗೆ ಯಾಕೆ ಹೋದ್ರು? ನಿಮಗೇನಾದ್ರೂ ಹೇಳಿದ್ರಾ?"

"ಗೊತ್ತಿಲ್ಲ ಅತ್ತಿಗೆ."

ಅದು ಎರಡನೇ ಸುಳ್ಳು. ಅದನ್ನು ಹೊತ್ತುಕೊಂಡು ಒಂದು ಹಗಲು ಕಳೆಯುವುದೂ ಅವನಿಂದಾಗಲಿಲ್ಲ. ಬುಧವಾರ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಬುಗುರಿಯ ಹೆಸರನ್ನು ತಂಡದ ಪಟ್ಟಿಗೆ ಸೇರಿಸಲು ಬರುತ್ತದೆಯೇ ಎಂದು ಇವನು ಕೇಳಿದಾಗ ಮೇಷ್ಟ್ರು, "ಸತ್ತವರಿಗೆ ಫಲಕ ಮಾಡಿಸಲ್ಲಪ್ಪ" ಎಂದರು. ಶುಕ್ರವಾರ ಪಟ್ಟಿ ಹೋಯಿತು. ಅದರಲ್ಲಿ ಕನ್ನಡಕದವನ ಹೆಸರಿರಲಿಲ್ಲ.

ಅದೇ ಸಂಜೆ ಬುಗುರಿಯ ಹೆಂಡತಿಗೂ ಹೇಳಿದ. ಆಕೆ ಗಂಡನ ಅಂಗಿಗಳನ್ನು ಮಡಚುತ್ತಿದ್ದಳು. ಕೊನೆಯವರೆಗೆ ಕೇಳಿದಳು.

"ಇದನ್ನ ಅವರಿಗೆ ಹೇಳಿದ್ರಾ?"

"ಇಲ್ಲ ಅತ್ತಿಗೆ."

"ಮತ್ತೆ ನನಗೆ ಯಾಕೆ ಹೇಳ್ತೀರಿ?" ಎಂದು ಇನ್ನೊಂದು ಅಂಗಿ ಎತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಮಂಗಳವಾರ ಬೆಳಿಗ್ಗೆ ನಡೆದದ್ದನ್ನು ಮೇಷ್ಟ್ರು ಅವನಿಗೆ ಮೂರು ಸಲ ಹೇಳಿದ್ದಾರೆ. ಮೂರು ಸಲವೂ ಅವನೇ ಕೇಳಿ ಹೇಳಿಸಿಕೊಂಡದ್ದು, ಪ್ರತಿ ಸಲ "ಒಂದು ಮಾತಿದೆ" ಎಂಬಲ್ಲಿ ತಡೆದು, "ಯಾವ ದನಿಯಲ್ಲಿ ಹೇಳಿದ? ಸಿಟ್ಟಿತ್ತಾ?" ಎನ್ನುತ್ತಾನೆ. ಮೇಷ್ಟ್ರಿಗೆ ಗೊತ್ತಿಲ್ಲ.

ಬುಗುರಿ ಒಂಬತ್ತೂವರೆಗೆ ಚೀಲ ಹೆಗಲಿಗೆ ಹಾಕಿಕೊಂಡೇ ಬಂದನಂತೆ. ಬೀರು ತೆಗೆಸಿ, ಕಾಯಿಗಳನ್ನು ಒಮ್ಮೆ ನೋಡಬೇಕು ಎಂದ. ಐದನೇ ಮೇಜಿನ ಪೆಟ್ಟಿಗೆ ತೆರೆದು ಕಪ್ಪು ಒಂಟೆಗಳ ಬುಡ ಸವರಿ ಮುಚ್ಚಿದ. ನಾಲ್ಕನೆಯದನ್ನು ತೆರೆದ. ಮೊದಲ ಒಂಟೆ ಸರಿಯಿತ್ತು. ಎರಡನೆಯದನ್ನು ಕಣ್ಣಿನಿಂದ ನೋಡಲಿಲ್ಲ. ಹೆಬ್ಬೆರಳಿಟ್ಟು, "ಓಹೋ, ಇಲ್ಲಿದೀಯಾ ಮಗನೇ" ಎಂದ. ಅದನ್ನು ಹಿಡಿದುಕೊಂಡು ಕೋಣೆಯಲ್ಲಿ ನಾಲ್ಕಾರು ಸುತ್ತು ಹೊಡೆದ. ಏನಾಯಿತೆಂದು ಮೇಷ್ಟ್ರು ಕೇಳಿದರೆ ಹೇಳಲಿಲ್ಲ. ಪಟ್ಟಿ ಯಾವಾಗ ಹೋಗುತ್ತದೆಂದು ಕೇಳಿದ. ಶುಕ್ರವಾರ ಎಂದರು. "ಹ್ಞೂಂ" ಎಂದ.

ಆಮೇಲೆ ಚೀಲದಿಂದ ಅಂಟಿನ ಕೊಳವೆ ತೆಗೆದ. ಮೇಷ್ಟ್ರ ಮೇಜಿನ ಮೇಲಿದ್ದ ಹಳೆಯ ಹಸಿರು ಹಾಸು ಮೂಲೆಯಲ್ಲಿ ಹರಿದಿತ್ತು. ಕೇಳಿಕೊಂಡು ಅದರಿಂದ ಒಂದು ತುಂಡು ಕತ್ತರಿಸಿದ. ಒಂಟೆಯನ್ನು ಅದರ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೀಟು ಹಾಕಿ, ದುಂಡಗೆ ಬಿಡಿಸಿ, ಬುಡದ ಹಳೆಯ ಅಂಟನ್ನು ಉಗುರಿನಿಂದ ಕೆರೆದು, ಹೊಸ ಅಂಟು ಸವರಿ ಬಟ್ಟೆ ಕೂರಿಸಿದ. ಅಂಚು ಹೊರಗೆ ಬಂದಿದೆಯೇ ಎಂದು ಸುತ್ತಲೂ ಬೆರಳಾಡಿಸಿದ.

"ಇದು ಹತ್ತು ನಿಮಿಷ ಒಣಗಲಿ. ಆಮೇಲೆ ನಿಮ್ಮ ಹತ್ರ ಒಂದು ಮಾತಿದೆ ಮೇಷ್ಟ್ರೇ" ಎಂದ.

"ಕೂತ್ಕೊಳಯ್ಯ ಅಲ್ಲೀವರೆಗೆ."

"ಬೇಡ."

ಒಂಟೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬಿಗಿಯಾಗಿ ಒತ್ತಿ ಹಿಡಿದುಕೊಂಡು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯತೊಡಗಿದ.